ಆಯ್ದಗಳ ಸಾಲಿನಲ್ಲಿ ಒಂದು ಗೇಣು ಜಾಗ

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಉಗುರು ಹಳೇ ಕಾಲದ ದಪ್ಪ ನಾಣ್ಯದ ಹಾಗಿತ್ತು. ಹಳದಿ ಬಣ್ಣ, ನಡುವೆ ಉದ್ದಕ್ಕೂ ಒಂದು ಗೆರೆ, ಅಂಚು ಮಾತ್ರ ಸದಾ ಚೂಪು. ಅದರಲ್ಲಿ ಅವರು ಎಳನೀರಿನ ಗಂಜಿ ಕೆರೆಯುತ್ತಿದ್ದರು, ಹುಣಸೆಹಣ್ಣಿನ ನಾರು ಬಿಡಿಸುತ್ತಿದ್ದರು, ಸಡಿಲವಾದ ಸ್ವಿಚ್ಚಿನ ಸ್ಕ್ರೂ ತಿರುಗಿಸುತ್ತಿದ್ದರು, ರೇಡಿಯೋದ ಹಿಂಬದಿ ಬಿಚ್ಚುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ನಾನು, "ಇರಿ ಮಾವ, ಸ್ಕ್ರೂಡ್ರೈವರ್ ತಂದುಕೊಡ್ತೀನಿ" ಅಂದೆ. ಅವರು ಉಗುರನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಇದು ಉಟ್ತಾನೇ ತಂದಿರೋ ಆಯ್ದ ಕಣ್ ಕೂಸು. ಮನೇಲಿ ಮರ್ತು ಬರಾಕೂ ಆಗಕಿಲ್ಲ, ಯಾರಾರ ಇಸ್ಕೊಂಡೋಗಿ ವಾಪಸ್ ಕೊಡ್ದೇ ಇರಾಕೂ ಆಗಕಿಲ್ಲ."

ಆಯುಧ ಎನ್ನುವುದು ನಮ್ಮ ಕಡೆಯ ಬಾಯಲ್ಲಿ ಆಯ್ದ ಆಗುತ್ತದೆ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಕನ್ನಡ ಪುಸ್ತಕದಲ್ಲಿ ಆಯುಧ ಅಂದರೆ ಗದೆ, ಬಿಲ್ಲು, ಚಕ್ರ. ದೇವರ ಕೈಯಲ್ಲೋ ರಾಜರ ಕೈಯಲ್ಲೋ ಇರುವಂಥವು. ಹುಣಸೂರಿನಿಂದ ಕಟ್ಟೆಮಳಲವಾಡಿ ಕಡೆಗೆ ಹೋಗುವ ದಾರಿಯಲ್ಲಿರುವ ಈ ಹೊಗೆಸೊಪ್ಪಿನ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಅರ್ಥ ಒಂದೇ ವಾರದಲ್ಲಿ ಚೂರುಚೂರಾಯಿತು. ಮಾವನವರಿಗೆ ಕುಡುಗೋಲು ಆಯ್ದ, ಗುದ್ದಲಿ ಆಯ್ದ, ಅದು ಸರಿ. ಆದರೆ ಅಡಕತ್ತರಿಯೂ ಆಯ್ದ, ಛತ್ರಿಯೂ ಆಯ್ದ, ಟೀವಿ ರಿಮೋಟೂ ಆಯ್ದ. ಮೊಬೈಲ್ ಹೊಡೆದುಕೊಂಡರೆ, "ಯಾರ್ದೋ ಆಯ್ದ ಬಡ್ಕತಾ ಅದೆ, ನೋಡ್ರವ್ವ" ಅನ್ನುತ್ತಿದ್ದರು. ಹುಣಸೂರಿನ ಡಾಕ್ಟರು ಸೂಜಿ ಎತ್ತಿದರೆ, "ಆಯ್ದ ಒಸಾದೋ ಅಳೇದೋ ಸ್ವಾಮಿ?" ಎಂದು ಕೇಳುತ್ತಿದ್ದರು. ಪಿರಿಯಾಪಟ್ಟಣದ ಹೋಟೆಲಿನಲ್ಲಿ ಒಮ್ಮೆ ಮಾಣಿ ಮಸಾಲೆದೋಸೆ ತಟ್ಟೆಯಲ್ಲಿ ಎರಡು ಚಮಚ ಇಟ್ಟು ತಂದ. ಮಾವನವರು ಚಮಚಗಳನ್ನು ನಯವಾಗಿ ಎತ್ತಿ ಅವನ ಕೈಗೇ ಕೊಟ್ಟರು. "ಈ ಆಯ್ದ ನೀನೇ ಮಡಿಕ್ಕೊ ಮಗ. ನಾನು ನಮ್ಮನೇವೇ ತಂದಿದೀನಿ" ಎಂದು ಐದು ಬೆರಳು ಅಗಲಿಸಿ ತೋರಿಸಿದರು. ಫೋರ್ಕು ಯಾವ ಕೈ, ಚಾಕು ಯಾವ ಕೈ ಎಂದು ಸಿಸ್ಟರುಗಳಿಂದ ಕಲಿತಿದ್ದ ನಾನು ನನ್ನ ಚಮಚವನ್ನು ಮೆಲ್ಲಗೆ ತಟ್ಟೆಯ ಕೆಳಗೆ ಜಾರಿಸಿದೆ.

ಇದರಿಂದ ಮನೆಯವರಿಗೆ ಒಂದು ಕಷ್ಟವಿತ್ತು. "ಆಯ್ದ ತಕ್ಕಬಾ ಕೂಸು" ಎಂದು ಅಂಗಳದಿಂದ ಕೂಗಿದರೆ ಯಾವುದು ಅಂತ ತಿಳಿಯುವುದು ಹೇಗೆ? ಅತ್ತೆಯವರು ನನಗೆ ಕಲಿಸಿದ ಮೊದಲ ಪಾಠವೇ ಅದು. "ಕಿವಿಗೊಡಬ್ಯಾಡ, ಕಣ್ಣುಗೊಡು. ತೆಂಗಿನಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಂತಿದ್ರೆ ಮಚ್ಚು. ಮುಖ ಮೇಲೆತ್ಕೊಂಡಿದ್ರೆ ದೋಟಿ. ಜಗುಲಿ ಮೇಲೆ ಕುಂತು ಸುಮ್ನೆ ಬಾಯಿ ಆಡುಸ್ತಾ ಇದ್ರೆ ಎಲೆಅಡಿಕೆ ಚೀಲ. ಬಾಯಿ ಆಡುಸ್ತಾ ಇಲ್ಲ ಅಂದ್ರೆ ಅಲ್ಲಿನ ಸೆಟ್ಟು."

ಹಲ್ಲಿನ ಸೆಟ್ಟು ಅಂದರೆ ಅವರ ಕಟ್ಟಿಸಿಕೊಂಡ ಹಲ್ಲುಗಳು. ಸ್ಟೀಲ್ ಲೋಟದ ನೀರಿನಲ್ಲಿ ಮಲಗಿರುತ್ತಿದ್ದವು. ಅದರ ಕಥೆ ಮುಂದೆ ಬರುತ್ತದೆ.

ಅವರ ಈ ಮಾತು ಒಮ್ಮೆ ನಮ್ಮನ್ನು ಕಾಡಿನ ಬಾಯಲ್ಲಿ ನಿಲ್ಲಿಸಿತು. ಅತ್ತೆಯವರ ತವರು ಅಂತರಸಂತೆ ಕಡೆ. ಯಾರದೋ ನಾಮಕರಣಕ್ಕೆ ಮಾವ, ಅತ್ತೆ, ನಮ್ಮ ಯಜಮಾನರು, ನಾನು ಒಂದು ಬಾಡಿಗೆ ಕಾರಿನಲ್ಲಿ ಹೊರಟಿದ್ದೆವು. ಕಾಕನಕೋಟೆ ಕಾಡಿನ ಹತ್ತಿರ ಗೇಟಿನಲ್ಲಿ ಕಾರು ನಿಲ್ಲಿಸಿದ ಗಾರ್ಡು ಬಗ್ಗಿ ನೋಡಿ, ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆಯನ್ನು ಆಕಳಿಸುತ್ತಾ ಕೇಳಿದ: "ಆಯುಧ ಗೀಯುಧ ಏನಾದ್ರೂ ಇದ್ಯಾ?"

"ಅವೆ ಸ್ವಾಮಿ" ಅಂದರು ಮಾವನವರು.

ಗಾರ್ಡಿನ ಆಕಳಿಕೆ ಅರ್ಧಕ್ಕೇ ನಿಂತಿತು. ಎಲ್ಲರನ್ನೂ ಕೆಳಗಿಳಿಸಿದ. ಮಾವನವರು ಒಂದೊಂದನ್ನೇ ತೆಗೆದು ಕಾರಿನ ಮೂತಿಯ ಮೇಲೆ ಜೋಡಿಸಿದರು: ಅಡಕತ್ತರಿ, ಕಿವಿ ಕೆರೆಯುವ ಕಡ್ಡಿ, ಟಾರ್ಚು, ಕನ್ನಡಕ, ಮಗುವಿಗೆ ಹಾಲು ಕುಡಿಸಲೆಂದು ತಂದಿದ್ದ ಬೆಳ್ಳಿ ಒಳಲೆ. ಕೊನೆಗೆ ಬಾಯಿಗೂ ಕೈ ಹಾಕಿದರು. ಅತ್ತೆಯವರು ಹಣೆ ಚಚ್ಚಿಕೊಂಡು, "ಸಾಮಿ, ಇವ್ರುನ್ನ ಇಂಗೇ ಬುಟ್ರೆ ಉಗುರನ್ನೂ ಕಿತ್ತಿಡ್ತಾರೆ. ಬುಡಿ ನಮ್ಮನ್ನ, ಮೂರ್ತ ಮೀರೋಯ್ತದೆ" ಅಂದರು. ಗಾರ್ಡು ಗೇಟು ಎತ್ತಿದ. ಕಾರು ಹೊರಟ ಮೇಲೆ ಮಾವನವರು ನೊಂದ ದನಿಯಲ್ಲಿ, "ಕೇಳ್ದ, ಯೋಳ್ದೆ. ಅದ್ರಲ್ಲೇನು ತಪ್ಪು?" ಅಂದರು.

ಇಂಥವರ ಮನೆಯಲ್ಲಿ ಆಯುಧಪೂಜೆ ಹೇಗೆ ನಡೆಯುತ್ತಿರಬಹುದು, ಯೋಚಿಸಿ.

ಹಿಂದಿನ ದಿನವೇ ಮನೆಯಲ್ಲಿರುವುದೆಲ್ಲ ಅಂಗಳಕ್ಕೆ ಬರುತ್ತಿತ್ತು. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ಒರೆಸಿ, ಕಬ್ಬಿಣದವಕ್ಕೆ ಎಣ್ಣೆ ಸವರಿ, ಬೆಳಿಗ್ಗೆ ಜಗುಲಿಯ ಮೇಲೆ ಉದ್ದಕ್ಕೆ ಗೋಣಿತಾಟು ಹಾಸಿ, ಸಾಲಾಗಿ ಮಲಗಿಸುತ್ತಿದ್ದರು. ಮಲಗಿಸುವುದು ಅನ್ನುವುದು ಅವರದೇ ಮಾತು. ವರ್ಷವೆಲ್ಲ ದುಡಿದ ಆಯ್ದಗಳಿಗೆ ಅದೊಂದು ದಿನ ನಿದ್ದೆ. ಕುಂಕುಮ ಬಿದ್ದ ಮೇಲೆ ಮಾರನೆಯ ಬೆಳಿಗ್ಗೆಯ ತನಕ ಯಾರೂ ಮುಟ್ಟಬಾರದು, ಹತ್ತಿರ ನಿಂತು ಜೋರಾಗಿ ಮಾತಾಡಲೂಬಾರದು. ವಿಜಯದಶಮಿಯ ಬೆಳಿಗ್ಗೆ ನೀರು ಚಿಮುಕಿಸಿ ಒಂದೊಂದನ್ನೇ ಎಬ್ಬಿಸುವರು. ಎಬ್ಬಿಸಿದ ಆಯ್ದ ಅದರ ಕೆಲಸ ಒಂದು ಚೂರು ಮಾಡಿ ತೋರಿಸಬೇಕು. ಕುಡುಗೋಲು ಒಂದು ಹಿಡಿ ಹುಲ್ಲು ಕೊಯ್ಯಬೇಕು. ಟ್ರ್ಯಾಕ್ಟರು ನಿಂಬೆಹಣ್ಣು ತುಳಿದು ಒಂದು ಮಾರು ಮುಂದಕ್ಕೆ ಹೋಗಬೇಕು. ಅತ್ತೆಯವರ ಈಳಿಗೆಮಣೆ ಒಂದು ಬದನೆಕಾಯಿ ಸೀಳಬೇಕು.

ಹಲ್ಲಿನ ಸೆಟ್ಟನ್ನು ಸಾಲಿಗೆ ಸೇರಿಸಿದ್ದು ನಾನು ಬರುವ ಮೊದಲೇ ಅಂತೆ. ಸೇವಂತಿಗೆ ದಳದ ಮೇಲೆ, ಅಡಕತ್ತರಿಗೂ ಸುತ್ತಿಗೆಗೂ ನಡುವೆ ನಗುತ್ತಾ ಮಲಗಿರುತ್ತಿದ್ದವು. ಪರಿಣಾಮವಾಗಿ, ಮನೆಯವರೆಲ್ಲ ಒಬ್ಬಟ್ಟು, ಕೋಸಂಬರಿ, ವಡೆ ತಿನ್ನುವ ದಿನ ಮಾವನವರು ಬರೀ ಪಾಯಸ ಕುಡಿಯುತ್ತಿದ್ದರು. ಬಂದವರಿಗೆ ಕಡ್ಲೆಪುರಿ ಹಂಚಿ, ತಾವು ಒಂದೇ ಒಂದು ಕಾಳನ್ನು ಬಾಯಲ್ಲಿ ನೆನೆಹಾಕಿಕೊಂಡು ಕೂತಿರುತ್ತಿದ್ದರು.

"ಒಂದು ಗಳಿಗೆ ಆಕ್ಕೊಂಡು ತಿಂದು ಮಡಗಿ ಕಣ್ರೀ, ದ್ಯಾವ್ರೇನು ಲೆಕ್ಕ ಇಡ್ತಾನಾ" ಎಂದು ಅತ್ತೆಯವರು ಪ್ರತಿ ವರ್ಷ ಹೇಳುತ್ತಿದ್ದರು.

"ಎತ್ತು ಮಲಗಿರುವಾಗ ಎಬ್ಸಿ ಗಾಡಿ ಕಟ್ತೀಯಾ?" ಎಂದು ಇವರು ಪ್ರತಿ ವರ್ಷ ಕೇಳುತ್ತಿದ್ದರು. ಹಲ್ಲಿಲ್ಲದ ಬಾಯಲ್ಲಿ ಆ ಮಾತು ಅರ್ಧ ಗಾಳಿಯಾಗಿ ಬರುತ್ತಿತ್ತು.

ಮೊದಲ ವರ್ಷ ಆ ಸಾಲನ್ನು ನೋಡಿದಾಗ ನನಗೆ ಅರ್ಥವಾದದ್ದು ಬೇರೆಯೇ. ಆ ಮನೆಯಲ್ಲಿ ಯಾರಿಗೆ ಏನು ಕೆಲಸ, ಯಾರಿಲ್ಲದಿದ್ದರೆ ಯಾವುದು ನಿಲ್ಲುತ್ತದೆ ಅನ್ನುವುದು ಗೋಣಿತಾಟಿನ ಮೇಲೆ ಕಾಣುತ್ತಿತ್ತು. ಅತ್ತೆಯವರ ಈಳಿಗೆಮಣೆ, ಮುದ್ದೆ ತಿರುವುವ ಕೋಲು. ಯಜಮಾನರ ಸ್ಪ್ಯಾನರುಗಳು, ಟ್ರ್ಯಾಕ್ಟರಿನ ಕೀ. ನನ್ನದೇನು? ಟ್ರಂಕಿನಿಂದ ನನ್ನ ಪೆನ್ನು ತಂದಿಟ್ಟೆ. ಬಹುಮಾನ ಬಂದ ಪೆನ್ನು ಅದು. ಮಾವನವರು ಕುಂಕುಮದ ಬಟ್ಟಲು ಹಿಡಿದು ಪೆನ್ನಿನ ಮುಂದೆ ನಿಂತರು.

"ಇದ್ರಲ್ಲಿ ಏನು ಮಾಡ್ತೀಯ ಕೂಸು?"

"ಬರೀತೀನಿ ಮಾವ."

"ಏನು ಬರೀತೀಯ?"

ಆ ಮನೆಗೆ ಬಂದ ಮೇಲೆ ನಾನು ಬರೆದದ್ದು ಒಂದೇ, ತವರಿನಿಂದ ಬಂದ ಸೀರೆಗಳಿಗೆ ಧೋಬಿ ಗುರುತು. ಅವರು ಪೆನ್ನನ್ನು ಕೈಗೆತ್ತಿಕೊಂಡು, ಉಗುರಿನಿಂದ ನಿಬ್ಬನ್ನು ತಟ್ಟಿ, "ಒಳ್ಳೇದದೆ. ಆದ್ರೆ ಇದು ನಿಂದಲ್ಲ. ಕೈಗೆ ಅಂಟ್ಕೊಂಡಿಲ್ಲ" ಎಂದು ನನಗೇ ವಾಪಸು ಕೊಟ್ಟರು. ಬೇಸರವಾಗಬಾರದೆಂದು, ತಾಟಿನ ಮೇಲೆ ಅತ್ತೆಯವರ ಕೋಲಿನ ಪಕ್ಕ ಒಂದು ಗೇಣು ಜಾಗ ಬಿಡಿಸಿ, ಅಲ್ಲಿ ಒಂದು ಸೇವಂತಿಗೆ ಇಟ್ಟರು. "ಇದು ಕೂಸಿನ ಜಾಗ. ಆಯ್ದ ಸಿಕ್ಕಿದಾಗ ತುಂಬ್ತದೆ."

ಎರಡನೇ ವರ್ಷ ನಾನು ಸೌಟು ಇಟ್ಟೆ. "ಅದು ನಿಮ್ಮತ್ತೇದು. ಒಂದು ಆಯ್ದಕ್ಕೆ ಇಬ್ರು ಯಜಮಾನ್ರು ಆದ್ರೆ ಸಾರು ಕೆಡ್ತದೆ" ಅಂದರು. ಅತ್ತೆಯವರು ಸೌಟನ್ನು ತಮ್ಮ ಕಡೆ ಎಳೆದುಕೊಂಡರು. ಮೂರನೇ ವರ್ಷ ಕಸೂತಿಯ ಚೌಕಟ್ಟು. "ಎಷ್ಟು ದಿನ ಆಯ್ತು ಇದು ಕೆಲ್ಸ ಮಾಡಿ?" ನನಗೆ ನೆನಪಿರಲಿಲ್ಲ. ಮತ್ತೆ ಅದೇ ಒಂದು ಗೇಣು ಜಾಗ, ಅದೇ ಸೇವಂತಿಗೆ. ಬಂದ ನೆಂಟರು, "ಇಲ್ಯಾಕೆ ಖಾಲಿ ಬುಟ್ಟೀರಿ?" ಎಂದು ಕೇಳಿದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತಿದ್ದೆ. ಯಾರೂ ನನ್ನನ್ನು ನೋಯಿಸಿದವರಲ್ಲ. ಆದರೂ ಮಲಗುವ ಮುಂಚೆ ಆ ಖಾಲಿ ಜಾಗ ಕಣ್ಣಿಗೆ ಬರುತ್ತಿತ್ತು. ಇವರ ಮನೆಯಲ್ಲಿ ನಾನು ಊಟಕ್ಕೆ ಉಳಿದುಕೊಂಡ ನೆಂಟಳೋ ಏನೋ ಅನ್ನಿಸುತ್ತಿತ್ತು.

ಈಗ ನನ್ನ ಮೂಗಿನ ವಿಷಯ ಹೇಳಬೇಕು. ಚಿಕ್ಕಂದಿನಿಂದ ನನಗೆ ವಾಸನೆ ಜಾಸ್ತಿ. ಹಾಲು ಒಡೆಯುವ ಮೊದಲೇ ಗೊತ್ತಾಗುತ್ತದೆ. ಮಳೆ ಆಚೆ ಊರಿನಲ್ಲಿ ಬಿದ್ದರೂ ಗೊತ್ತಾಗುತ್ತದೆ. ಈ ಮನೆಯಲ್ಲಿ ಅದೊಂದು ದೋಷವೇ ಆಗಿತ್ತು. ಬಂದ ಮೊದಲ ದಿನ ಹೊಗೆಸೊಪ್ಪಿನ ರಾಶಿಯ ಮುಂದೆ ನಿಂತಾಗ, ಕಾನ್ವೆಂಟಿನ ಅಭ್ಯಾಸ, ಕರ್ಚೀಫು ತಾನಾಗಿ ಮೂಗಿಗೆ ಹೋಯಿತು. ಅತ್ತೆಯವರು ಅದನ್ನು ನೋಡಿದರು. ಅಂದಿನಿಂದ ನಾನು "ಪ್ಯಾಟೆ ಮೂಗು". "ಅತ್ತೆ, ಬೇಳೆ ಡಬ್ಬಿ ಮುಗ್ಗಲು ವಾಸನೆ ಬರ್ತಿದೆ" ಅಂದರೆ, "ಪ್ಯಾಟೆ ಮೂಗಿಗೆ ನಮ್ಮನೇದೆಲ್ಲ ಮುಗ್ಗಲೇ" ಅನ್ನುವರು. ಎರಡು ದಿನ ಬಿಟ್ಟು ಡಬ್ಬಿಯನ್ನು ಸದ್ದಿಲ್ಲದೆ ಬಿಸಿಲಿಗೆ ಇಡುವರು. ಕ್ರಮೇಣ ನಾನು ವಾಸನೆ ಬಂದರೂ ಬಾಯಿ ಬಿಡುವುದನ್ನು ಬಿಟ್ಟೆ.

ನಮ್ಮ ಕಡೆ ದಸರೆಯ ಹೊತ್ತಿಗೆ ಹೊಗೆಸೊಪ್ಪು ಬೇಯುವ ಕಾಲ. ಹೊಲದಿಂದ ಬಿಡಿಸಿದ ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಕೋಣೆಯೊಳಗೆ ಸಾಲಾಗಿ ತೂಗುಹಾಕಿ, ಹೊರಗಿನ ಒಲೆಯಲ್ಲಿ ಬೆಂಕಿ ಹಾಕುತ್ತಾರೆ. ಬಿಸಿ ಹೊಗೆ ಕೋಣೆಯ ನೆಲದ ಮೇಲಿನ ಕಬ್ಬಿಣದ ಪೈಪುಗಳಲ್ಲಿ ಸುತ್ತಿ ಹೋಗುತ್ತದೆ. ಆ ಕಾವಿಗೆ ಸೊಪ್ಪು ಹಳದಿಯಾಗಿ, ಒಣಗಿ, ಹದಕ್ಕೆ ಬರಲು ನಾಲ್ಕಾರು ದಿನ. ಆ ದಿನಗಳಲ್ಲಿ ಯಾರಾದರೊಬ್ಬರು ಅಲ್ಲೇ ಕಾದಿರಬೇಕು. ಒಣಗಿದ ಒಂದು ಎಲೆ ಕಡ್ಡಿಯಿಂದ ಜಾರಿ ಕಾದ ಪೈಪಿನ ಮೇಲೆ ಬಿದ್ದರೆ ಸಾಕು, ವರ್ಷದ ದುಡಿಮೆ, ಕೋಣೆ, ಸೂರು ಎಲ್ಲ ಹೋಗುತ್ತದೆ. ಅಕ್ಕಪಕ್ಕದ ಊರುಗಳಲ್ಲಿ ಹಾಗೆ ಹೋದದ್ದನ್ನು ನಾವೆಲ್ಲ ನೋಡಿದ್ದೆವು.

ನಾಲ್ಕನೇ ವರ್ಷದ ಆಯುಧಪೂಜೆಯ ದಿನ ನಮ್ಮ ಬ್ಯಾರನ್ ತುಂಬಾ ಸೊಪ್ಪಿತ್ತು. ಒಣಗುವ ಕೊನೆಯ ಹಂತ. ಬೆಂಕಿ ಕಾಯುವ ಆಳು ಹಬ್ಬಕ್ಕೆ ಊರಿಗೆ ಹೋಗಿದ್ದ. ಮಾವನವರು ಬೆಳಿಗ್ಗೆ ಒಲೆಗೆ ಹದವಾಗಿ ಸೌದೆ ಇಟ್ಟು, ಬೆಂಕಿ ಕೆದಕುವ ಸಲಾಕಿಯನ್ನೂ ಕಾವು ನೋಡುವ ಥರ್ಮಾಮೀಟರನ್ನೂ ತಂದು ತೊಳೆದು ಸಾಲಿನಲ್ಲಿ ಮಲಗಿಸಿದರು.

"ಅಪ್ಪಾ, ಥರ್ಮಾಮೀಟ್ರೂ ಬೇಕಾ?" ಅಂದರು ಯಜಮಾನರು.

"ಅದೇನು ಪಾಪ ಮಾಡ್ತು? ಮೂರು ತಿಂಗ್ಳಿಂದ ಆ ಕಾವಲ್ಲಿ ನೇತಾಡ್ತಾ ಅದೆ. ಅದುಕ್ಕೂ ನಿದ್ದೆ ಬ್ಯಾಡ್ವಾ? ಕಾವು ನನ್ನ ಅಂಗೈಗೆ ಗೊತ್ತಾಯ್ತದೆ ಬುಡ್ಲಾ."

ಬಕೆಟ್ಟು, ಕೊಡಪಾನ, ನೀರಿನ ಪೈಪಿನ ಸುರುಳಿ, ಎಲ್ಲಕ್ಕೂ ಕುಂಕುಮ ಬಿತ್ತು. ಕೊನೆಯಲ್ಲಿ ಹಲ್ಲು ತೆಗೆದು ಇಟ್ಟರು, ಹೆಬ್ಬೆರಳಿನ ಉಗುರಿಗೆ ತಾವೇ ಒಂದು ಚುಕ್ಕೆ ಇಟ್ಟುಕೊಂಡರು. ನಾನು ಆ ವರ್ಷ ಏನನ್ನೂ ತಂದಿರಲಿಲ್ಲ. ಮಾವನವರು ನನ್ನ ಕೈ ನೋಡಿ, ಖಾಲಿ ಜಾಗದಲ್ಲಿ ಸೇವಂತಿಗೆ ಇಟ್ಟರು.

ಮಧ್ಯಾಹ್ನ ಎಲ್ಲರೂ ಎಲೆ ಮುಂದೆ ಕೂತಿದ್ದರು. ನಾನು ತುಪ್ಪ ಬಡಿಸುತ್ತಾ ಅಡುಗೆಮನೆಯ ಬಾಗಿಲಿಗೆ ಬಂದಾಗ ಮೂಗು ಥಟ್ಟನೆ ಎಚ್ಚೆತ್ತಿತು. ಮನೆ ತುಂಬಾ ಸಾಂಬ್ರಾಣಿ, ಕರ್ಪೂರ, ಕಾವಲಿಯ ಮೇಲಿನ ಒಬ್ಬಟ್ಟು. ಅವುಗಳ ಅಡಿಯಲ್ಲಿ ಬೇಯುವ ಸೊಪ್ಪಿನ ವಾಸನೆ. ಅದು ಬೆಲ್ಲದ ಪಾಕವೂ ಒಣಹುಲ್ಲೂ ಸೇರಿದ ಹಾಗೆ ಇರುತ್ತದೆ. ಆ ಸಿಹಿಯ ಅಂಚಿನಲ್ಲಿ ಒಂದು ಎಳೆಯಷ್ಟು ಕರಕು. ನಾನು ಹಿತ್ತಿಲಿನ ಆಚೆ ನೋಡಿದೆ. ಕಣದ ಆ ಕೊನೆಯಲ್ಲಿ ಬ್ಯಾರನ್ ತನ್ನ ಪಾಡಿಗೆ ನಿಂತಿತ್ತು.

ಹೇಳಲೋ ಬೇಡವೋ? ಹೇಳಿದೆ. "ಮಾವ, ಬ್ಯಾರನ್ ಕಡೆಯಿಂದ ಸೀದ ವಾಸನೆ ಬರ್ತಿದೆ."

"ಕಾವಲಿ ಮ್ಯಾಲೆ ಒಬ್ಬಟ್ಟು ಸೀದಿರ್ತದೆ, ತಿರುವಾಕೋಗು" ಅಂದರು ಅತ್ತೆಯವರು. ಯಜಮಾನರು ಗಾಳಿಯನ್ನು ಎರಡು ಸಲ ಎಳೆದುಕೊಂಡು, "ಸಾಂಬ್ರಾಣಿ ಕಣೇ" ಅಂದರು.

"ಒಬ್ಬಟ್ಟಲ್ಲ ಅತ್ತೆ. ಸೊಪ್ಪು. ಒಂದೋ ಎರಡೋ ಎಲೆ."

ಮಾವನವರು ಪಾಯಸದ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ನಾಲ್ಕು ವರ್ಷದಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು ಅಂತ ಕಾಣುತ್ತದೆ. ಎದ್ದು, ಕೈ ತೊಳೆಯದೆ, ಕಣ ದಾಟಿ ಓಡಿದರು. ನಾವೆಲ್ಲ ಹಿಂದೆ. ಬ್ಯಾರನ್ನಿನ ಗಾಜಿನ ಕಿಂಡಿಯಲ್ಲಿ ಅವರು ಕಣ್ಣಿಟ್ಟರು. ಒಂದು ಕಡ್ಡಿಯ ಒಂದು ತುದಿ ಜಾರಿ, ನಾಲ್ಕಾರು ಎಲೆ ಪೈಪಿನ ಮೇಲೆ ಬಿದ್ದು, ಅಂಚು ಕೆಂಪಗಾಗಿ ಹೊಗೆಯಾಡುತ್ತಿದ್ದವು. ಇನ್ನೂ ಉರಿ ಎದ್ದಿರಲಿಲ್ಲ.

ಯಜಮಾನರು ಜಗುಲಿಗೆ ಹಿಂದಿರುಗಿ ಓಡಿ ಬಕೆಟ್ಟಿಗೆ ಕೈ ಹಾಕಿದವರು ಹಾಗೇ ನಿಂತುಬಿಟ್ಟರು. ಬಕೆಟ್ಟಿನ ಹಣೆಯ ಮೇಲೆ ಕುಂಕುಮ. ಪಕ್ಕದಲ್ಲಿ ಪೈಪಿನ ಸುರುಳಿಗೆ ವಿಭೂತಿ, ಹೂವು. ಹುಟ್ಟಿದಾರಭ್ಯ ಆ ದಿನ ಮುಟ್ಟದ ವಸ್ತುಗಳು.

"ಅಪ್ಪಾ, ಎಲ್ಲಾ ಮಲಗ್ಕೊಂಡವಲ್ಲಾ!" ಎಂದು ಅಲ್ಲಿಂದಲೇ ಕೂಗಿದರು.

ಮಾವನವರು ಬಾಯಿ ತೆರೆದರು. ಬಂದದ್ದು ಬರೀ ಗಾಳಿ. ಅವರು ಜಗುಲಿಗೆ ಓಡಿ ಬಂದು ಸಾಲಿನ ಮುಂದೆ ನಿಂತರು. ಅವರ ಕಣ್ಣು ಆಯ್ದಗಳ ಮೇಲೆ ಆ ತುದಿಯಿಂದ ಈ ತುದಿಗೆ ಹೋಯಿತು. ಕೈ ಮುಗಿದರು. ಆಮೇಲೆ ಬಗ್ಗಿ ಮೊಟ್ಟಮೊದಲು ಎತ್ತಿಕೊಂಡದ್ದು ಏನು ಅಂತೀರಿ? ಹಲ್ಲಿನ ಸೆಟ್ಟು. ಕುಂಕುಮ, ಒಂದು ಸೇವಂತಿಗೆ ದಳ ಸಮೇತ ಬಾಯಿಗೆ ಹಾಕಿಕೊಂಡು, ಕಟಕ್ ಎಂದು ಕೂರಿಸಿ, ಕೆಂಪು ಹಲ್ಲು ಕಿರಿದು ಗರ್ಜಿಸಿದರು:

"ಏಳ್ರಲಾ ಎಲ್ಲಾ! ಮಲಗಿದ್ದು ಸಾಕು!"

ಜನಕ್ಕೆ ಹೇಳಿದರೋ ಬಕೆಟ್ಟುಗಳಿಗೆ ಹೇಳಿದರೋ, ಎಲ್ಲವೂ ಎದ್ದವು. ಅವರು ಗೋಣಿತಾಟನ್ನೇ ಒಂದೇ ಏಟಿಗೆ ಎಳೆದರು. ಸುತ್ತಿಗೆ, ಕುಡುಗೋಲು, ಅಡಕತ್ತರಿ, ರಿಮೋಟು ಎಲ್ಲ ಜಗುಲಿಯಿಂದ ಉರುಳಿದವು. ತಾಟನ್ನು ತೊಟ್ಟಿಯಲ್ಲಿ ಅದ್ದಿ ಬಗಲಲ್ಲಿ ಹಿಡಿದು ಓಡಿದರು. ಯಜಮಾನರು ಸಲಾಕಿಯಿಂದ ಒಲೆಯ ಸೌದೆಯನ್ನೆಲ್ಲ ಹೊರಗೆಳೆದರು. ಸಲಾಕಿಗೆ ಸಿಗದ ಕೆಂಡವನ್ನು ಎಳೆಯಲು ಅತ್ತೆಯವರು, ಯಾರೂ ಹೇಳದೆ, ತಮ್ಮ ಮುದ್ದೆಕೋಲನ್ನೇ ತಂದು ನುಗ್ಗಿಸಿದರು. ನಾನು ಬಕೆಟ್ಟಿನ ಮೇಲೆ ಬಕೆಟ್ಟು ನೀರು ಹೊತ್ತೆ. ಮಾವನವರು ಬಾಗಿಲನ್ನು ಒಂದು ಆಳು ನುಸುಳುವಷ್ಟೇ ತೆರೆದು, ಒಳಗೆ ಹೋಗಿ, ಒದ್ದೆ ತಾಟನ್ನು ಪೈಪಿನ ಮೇಲೆ ಎಸೆದರು. ಚುಯ್ ಎಂಬ ಸದ್ದು. ಆಮೇಲೆ ಬಿಳಿ ಆವಿಯೊಳಗಿಂದ ಕೆಮ್ಮು. ಆಮೇಲೆ ಕೆಂಪು ಹಲ್ಲು.

ನಾಲ್ಕು ಕಡ್ಡಿಯ ಸೊಪ್ಪು ಹೋಯಿತು. ಉಳಿದದ್ದೆಲ್ಲ ಉಳಿಯಿತು.

ಮಾವನವರು ಕಣದ ಮಣ್ಣಿನಲ್ಲೇ ಕಾಲು ಚಾಚಿ ಕೂತರು. ಗಲ್ಲದ ಮೇಲೆ ಕುಂಕುಮ ಇಳಿದು, ಯಾರನ್ನೋ ಸೀಳಿ ಬಂದವರ ಹಾಗೆ ಕಾಣುತ್ತಿದ್ದರು. ಅತ್ತೆಯವರು ತುದಿ ಸುಟ್ಟ ಮುದ್ದೆಕೋಲನ್ನು ಹಿಡಿದು ನಿಂತಿದ್ದರು. ಮಾವನವರು ನನ್ನ ಕಡೆ ತಿರುಗಿದರು.

"ಎಲ್ಲಿಂದ ಮೂಸ್ದೆ ಕೂಸು?"

"ಅಡುಗೆಮನೆ ಬಾಗಿಲಿಂದ, ಮಾವ."

ಅವರು ಬ್ಯಾರನ್ ಕಡೆ ನೋಡಿದರು, ಅಡುಗೆಮನೆ ಕಡೆ ನೋಡಿದರು, ನಡುವಿನ ಕಣವನ್ನೂ ಹಿತ್ತಿಲನ್ನೂ ಕಣ್ಣಲ್ಲೇ ಅಳೆದರು. ಆಮೇಲೆ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ.

"ನೋಡ್ದಾ" ಅಂದರು ಅತ್ತೆಯವರಿಗೆ. "ಆಯ್ದ ಮುಖದ ಮ್ಯಾಲೇ ಅದೆ. ನಾವು ಇಷ್ಟು ವರ್ಷ ಟ್ರಂಕಲ್ಲಿ ಉಡುಕುದ್ವಿ. ತಕ್ಕಬಾ ಕುಂಕುಮ."

ಅತ್ತೆಯವರು ಬಟ್ಟಲು ತಂದರು. ಒಂದು ಕ್ಷಣ ನನ್ನ ಮುಂದೆ ನಿಂತು, ಸೆರಗಿನಿಂದ ನನ್ನ ಮುಖದ ಮಸಿ ಒರೆಸಿದರು. ಆಮೇಲೆ ಮೂಗಿನ ತುದಿಗೆ ಒಂದು ದೊಡ್ಡ ಚುಕ್ಕೆ ಇಟ್ಟರು. ಹಿಂದಕ್ಕೆ ಸರಿದು ನೋಡಿ, "ಒಳ್ಳೇ ಕೋತಿ ಕಂಡಂಗೆ ಕಾಣ್ತೀಯ" ಅಂದರು. ಪ್ಯಾಟೆ ಮೂಗು ಎಂಬ ಮಾತನ್ನು ಆಮೇಲೆ ಅವರ ಬಾಯಲ್ಲಿ ಕೇಳಲಿಲ್ಲ.

"ಕುಂಕುಮ ಬಿತ್ತು. ನಾಳೆ ಬೆಳಿಗ್ಗೆಗಂಟ ಏನೂ ಮೂಸಬ್ಯಾಡ" ಎಂದು ಮಾವನವರ ಆಜ್ಞೆ. ಉಸಿರಾಡುವುದು ಹೇಗೆ ಎಂದು ಕೇಳಿದ್ದಕ್ಕೆ, "ಬಾಯಿ ಅದಲ್ಲಾ" ಅಂದರು. ಮಾರನೆಯ ಬೆಳಿಗ್ಗೆ ಎಲ್ಲ ಆಯ್ದಗಳನ್ನೂ ಎಬ್ಬಿಸಿದ ಮೇಲೆ, ಒಂದು ಹಿತ್ತಾಳೆ ತಟ್ಟೆಯಲ್ಲಿ ಬ್ಯಾರನ್ನಿನಿಂದ ತೆಗೆದ ಒಂದು ಹೊಂಬಣ್ಣದ ಎಲೆ ಇಟ್ಟುಕೊಂಡು ನನ್ನ ಹತ್ತಿರ ಬಂದರು. ಬೆರಳಿನಿಂದ ನೀರು ಚಿಮುಕಿಸಿ, "ಏಳ್ಸು ನಿನ್ನ ಆಯ್ದವ. ಯೋಳು, ಸೊಪ್ಪಿಗೆ ಅದ ಬಂದದಾ?" ಅಂದರು. ಮೂಸಿದೆ. "ದಂಟಿನಲ್ಲಿ ಇನ್ನೂ ಸ್ವಲ್ಪ ಹಸಿ ಇದೆ ಮಾವ." ಉಗುರಿನಿಂದ ದಂಟು ಮುರಿದು ನೋಡಿ, ಅವರು ಒಲೆಗೆ ಸೌದೆ ಹಾಕಲು ಹೋದರು.

ಅಲ್ಲಿಂದ ನನ್ನ ಗೃಹಿಣಿ ಜೀವನಕ್ಕೆ ಒಂದು ಉದ್ಯೋಗ ಸೇರಿತು. "ಕೂಸು, ಆಯ್ದ ತಕ್ಕಬಾ" ಎಂದು ಬ್ಯಾರನ್ ಕಡೆಯಿಂದ ಕೂಗಿದರೆ ನಾನು ಕೈ ಒರೆಸಿಕೊಂಡು ಮುಖ ಮಾತ್ರ ಹೊತ್ತುಕೊಂಡು ಹೋಗುತ್ತಿದ್ದೆ. ಒಮ್ಮೆ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜಿಗೂ ಕರೆದುಕೊಂಡು ಹೋದರು. ಸೊಪ್ಪು ಕಟ್ಟಿದ ಬೇಲುಗಳ ಸಾಲಿನಲ್ಲಿ ಸೀರೆಯುಟ್ಟವಳು ನಾನೊಬ್ಬಳೇ. ಯಾರೋ, "ಇವ್ರು ಯಾರು ಗೌಡ್ರೇ?" ಅಂದದ್ದಕ್ಕೆ, "ನಮ್ಮನೆ ಮೀಟ್ರು" ಅಂದರು. ನೆಗಡಿಯಾದರೆ ಮೆಣಸಿನ ಕಷಾಯ ತಾವೇ ಕುದಿಸಿ ತಂದು, ಬಂದವರಿಗೆಲ್ಲ, "ಆಯ್ದ ಸರ್ವೀಸಿಗೆ ಬುಟ್ಟಿದ್ದೀವಿ" ಎಂದು ಹೇಳುತ್ತಿದ್ದರು.

ಕೊರೋನಾ ಬಂದಾಗ ನನ್ನ ವಾಸನೆ ಪೂರ್ತಿ ಹೋಯಿತು. ಜ್ವರ ಇಳಿದ ಮೇಲೂ ಬರಲಿಲ್ಲ. ನನಗಿಂತ ಮಾವನವರೇ ಹೆಚ್ಚು ಹೆದರಿದ್ದರು. ಪ್ರತಿದಿನ ಬೆಳಿಗ್ಗೆ ಅದೇ ಹಿತ್ತಾಳೆ ತಟ್ಟೆ: ಒಂದು ದಿನ ಕಾಫಿಪುಡಿ, ಒಂದು ದಿನ ಜಜ್ಜಿದ ಬೆಳ್ಳುಳ್ಳಿ, ಒಂದು ದಿನ ಇಂಗು. "ಬತ್ತದಾ?" "ಇಲ್ಲ ಮಾವ." ಒಂದು ಬೆಳಿಗ್ಗೆ ತಟ್ಟೆಯ ಮೇಲೆ ಬಾಳೆಲೆ ಮುಚ್ಚಿತ್ತು. ನಾನು ಬಗ್ಗಿದೆ. ತಲೆ ಹಿಂದಕ್ಕೆ ಹಾರಿತು. ಎಲೆಯ ಕೆಳಗೆ ಅವರ ಚಪ್ಪಲಿ.

"ಬಂತಾ?"

"ಬಂತು ಮಾವ!"

ಚಪ್ಪಲಿಯನ್ನು ಕಾಲಿಗೆ ಹಾಕಿಕೊಳ್ಳದೆ ತಟ್ಟೆಯಲ್ಲೇ ಹಿಡಿದುಕೊಂಡು ಬೀದಿಯಲ್ಲಿ ನಾಲ್ಕು ಮನೆಗೆ ಸುದ್ದಿ ಹೇಳಿ ಬಂದರು. ಅತ್ತೆಯವರು ಆ ತಟ್ಟೆಯನ್ನು ಮೂರು ಸಲ ಬೆಳಗಿದರು.

ಮಾವನವರು ಹೋದದ್ದು ಹೋದ ವರ್ಷದ ಬೇಸಿಗೆಯಲ್ಲಿ. ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಜಗುಲಿಯ ಮೇಲೆ ಟವೆಲ್ಲು ಸುತ್ತಿ ತಲೆಗಿಟ್ಟುಕೊಂಡು ಮಲಗಿದರು. ಸಂಜೆ ಕಾಫಿಗೆ ಎಬ್ಬಿಸಲು ಹೋದಾಗ ಏಳಲಿಲ್ಲ. ಸ್ನಾನ ಮಾಡಿಸುವಾಗ ಅತ್ತೆಯವರು ಆ ಬಲಗೈ ಹೆಬ್ಬೆರಳನ್ನು ಬಹಳ ಹೊತ್ತು ತಮ್ಮ ಕೈಯಲ್ಲಿ ಹಿಡಿದುಕೊಂಡಿದ್ದರು.

ವರ್ಷ ತುಂಬುವ ತನಕ ನಾವು ಹಬ್ಬ ಮಾಡಲಿಲ್ಲ. ಮೊನ್ನೆಯದು ಅವರಿಲ್ಲದ ಮೊದಲ ಆಯುಧಪೂಜೆ. ಯಜಮಾನರು ಗೋಣಿತಾಟು ಹಾಸಿ, ಎಲ್ಲವನ್ನೂ ಅಪ್ಪನ ಕ್ರಮದಲ್ಲೇ ಮಲಗಿಸಿದರು. ಥರ್ಮಾಮೀಟರೊಂದನ್ನು ಬಿಟ್ಟು. ಅಡಕತ್ತರಿಗೂ ಸುತ್ತಿಗೆಗೂ ನಡುವೆ ಅವರ ಕೈ ತಡವರಿಸಿತು. ಆಗ ಅತ್ತೆಯವರು ಒಳಗಿನಿಂದ ಸ್ಟೀಲ್ ಲೋಟ ಹಿಡಿದು ಬಂದರು. ಹಲ್ಲಿನ ಸೆಟ್ಟು!

"ಅವ್ವಾ, ಇದು ಅಪ್ಪನ ಜೊತೆ ಹೋಗಿಲ್ವಾ?"

"ನಾನೇ ತೆಗೆದು ಮಡಗಿದ್ದೆ. ಅಲ್ಲಿಗೋಗಿ ಇನ್ಯಾರ ಮ್ಯಾಲೆ ಅಲ್ಲು ಕಡೀಬೇಕಾಗಿತ್ತು ಅವ್ರು?" ಎಂದು ಸೇವಂತಿಗೆ ದಳ ಹಾಸಿ, ಕುಂಕುಮ ಇಟ್ಟು, ಮಲಗಿಸಿದರು. ನನ್ನನ್ನು ಕರೆದು ಮೂಗಿಗೆ ಚುಕ್ಕೆ ಇಟ್ಟರು. ನನ್ನ ಒಂದು ಗೇಣು ಜಾಗದಲ್ಲಿ ಸೇವಂತಿಗೆ ಇಟ್ಟರು. ಮೂಗನ್ನು ಕಿತ್ತಿಡಲಾಗದ್ದರಿಂದ ಆ ಜಾಗ ಇಂದಿಗೂ ಹಾಗೇ ನಡೆದುಬಂದಿದೆ. ನೆಂಟರು ಕೇಳಿದರೆ ಈಗ ನಾನು ನೀರು ಕುಡಿಯಲು ಹೋಗುವುದಿಲ್ಲ. ಮುಖ ತೋರಿಸುತ್ತೇನೆ.

ವಿಜಯದಶಮಿಯ ಬೆಳಿಗ್ಗೆ ಯಜಮಾನರು ಆಯ್ದಗಳನ್ನು ಎಬ್ಬಿಸಿದರು. ಕುಡುಗೋಲು ಹುಲ್ಲು ಕೊಯ್ದಿತು. ಟ್ರ್ಯಾಕ್ಟರು ನಿಂಬೆಹಣ್ಣು ತುಳಿಯಿತು. ಹಲ್ಲಿನ ಸೆಟ್ಟಿನ ಹತ್ತಿರ ಬಂದು, ನೀರಿನ ತಂಬಿಗೆ ಹಿಡಿದು, ಅಮ್ಮನ ಮುಖ ನೋಡಿದರು. ಅತ್ತೆಯವರು ಸೆಟ್ಟನ್ನು ಎತ್ತಿ ಸೆರಗಿನಲ್ಲಿ ಒರೆಸಿ ಲೋಟಕ್ಕೆ ಹಾಕಿಕೊಂಡರು.

"ಇವು ಮಲಗ್ಲಿ ಬುಡು" ಅಂದರು.

ನನ್ನದು ಉಳಿದಿತ್ತು. ಎಲೆ ತರುವವರು ಯಾರು? ನಾನೇ ಬ್ಯಾರನ್ನಿಗೆ ಹೋಗಿ ತಂದುಕೊಳ್ಳೋಣ ಎಂದು ಎದ್ದೆ. ಅಷ್ಟರಲ್ಲಿ ಅತ್ತೆಯವರು ಹಿತ್ತಾಳೆ ತಟ್ಟೆಯಲ್ಲಿ ಏನನ್ನೋ ಬಾಳೆಲೆ ಮುಚ್ಚಿ ತಂದು ನನ್ನ ಮುಂದೆ ಹಿಡಿದರು. ಚಪ್ಪಲಿಯೇ ಇರಬೇಕು ಎಂದು ನಾನು ನಗುತ್ತಲೇ ಎಲೆ ಎತ್ತಿದೆ.

ಟವೆಲ್ಲು. ಮಾವನವರು ಬ್ಯಾರನ್ನಿನ ಮೊಳೆಗೆ ಸದಾ ನೇತುಹಾಕುತ್ತಿದ್ದದ್ದು, ಬೆಂಕಿ ಕಾಯುವಾಗ ಬೆವರು ಒರೆಸಿಕೊಳ್ಳುತ್ತಿದ್ದದ್ದು. ಅವರು ಹೋದ ಮೇಲೆ ಅದು ಎಲ್ಲಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಅತ್ತೆಯವರು ನನ್ನ ಮೂಗಿನ ಮೇಲೆ ನೀರು ಚಿಮುಕಿಸಿದರು. ನೀರು ಕಣ್ಣಿಗೂ ಬಿತ್ತು.

"ಏಳ್ಸು" ಅಂದರು. "ನಂಗೆ ನೆಗಡಿ ಬಂದದೆ, ಏನೂ ತಿಳೀತಿಲ್ಲ. ನೀನು ನೋಡಿ ಯೋಳು."

ನಾನು ಟವೆಲ್ಲಿಗೆ ಮುಖ ಇಟ್ಟೆ. ಮೊದಲು ಬಂದದ್ದು ಬ್ಯಾರನ್ನಿನ ಮಸಿ. ಅದರ ಹಿಂದೆ ಬೆಲ್ಲದ ಪಾಕದಂಥ ಸೊಪ್ಪು. ಅದರ ಹಿಂದೆ ಸುಣ್ಣ, ಅಡಿಕೆ. ಎಲ್ಲದರ ಕೊನೆಯಲ್ಲಿ, ಎಳೆಯಷ್ಟು, ಅವರು.

"ಅವ್ರ ವಾಸ್ನೆ ಏನಾರ ಅದಾ ಕೂಸು?" ಅಂದರು ಅತ್ತೆಯವರು. ನನ್ನನ್ನು ಅವರು ಕೂಸು ಎಂದು ಕರೆದದ್ದು ಅದೇ ಮೊದಲು.

"ಇದೆ ಅತ್ತೆ."

ಅವರು ಟವೆಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಮತ್ತೆ ತಟ್ಟೆಯಲ್ಲಿಟ್ಟು ಎಲೆ ಮುಚ್ಚಿದರು.

"ಅಂಗಾರೆ ಒಗೀಬ್ಯಾಡ ಬುಡು."